ಕಂಪನಿಯವರ ಮಾತು ಕೇಳಿ ಮೋಟ್ರು ಸುಟ್ಟಿತಾ? ಪರಿಹಾರಕ್ಕೆ ಯಾವ ದಾರಿ ಹಿಡಿಯೋದು

ಕೆಟ್ಟ ಸಾಮಾನು ಕೊಟ್ಟರೆ ಅಂಗಡಿ ಮುಂದೆ ನಿಂತು ಬದಲಾಯಿಸಿ ಕೊಡಿ ಅಂತ ಜಗಳ ಆಡಬಹುದು. ತಪ್ಪು ಸಲಹೆ ಕೊಟ್ಟು ನಷ್ಟ ಮಾಡಿದರೆ ಏನನ್ನು ಬದಲಾಯಿಸಿ ಅಂತ ಕೇಳೋದು? ಕಸ್ಟಮರ್ ಕೇರ್‌ನವರು ‘ಫ್ಯಾಕ್ಟರಿ ರಿಸೆಟ್ ಕೊಡಿ ಸರ್’ ಅನ್ನುತ್ತಾರೆ, ಸ್ಟುಡಿಯೋದಲ್ಲಿದ್ದ ಮದುವೆ ಫೋಟೋಗಳೆಲ್ಲ ಹೋಗುತ್ತವೆ. ಔಷಧಿ ಕಂಪನಿಯ ಫೀಲ್ಡ್ ಹುಡುಗ ‘ಟ್ಯಾಂಕಿಗೆ ಡಬಲ್ ಹಾಕಿ’ ಅನ್ನುತ್ತಾನೆ, ಪೈರು ಬೆಂದುಹೋಗುತ್ತದೆ. ಕೊನೆಗೆ ಕಂಪನಿಯ ಉತ್ತರ ಒಂದೇ: ನಾವು ಹೇಳಿದೆವು ಅಷ್ಟೇ, ಮಾಡಿದ್ದು ನೀವು.

ಈ ಉತ್ತರಕ್ಕೆ ಹೆದರಿ ಸುಮ್ನೆ ಕೂರಬೇಕಿಲ್ಲ. ಆದರೆ ಎಲ್ಲಿಗೆ ಹೋಗಬೇಕು ಅನ್ನೋದರಲ್ಲಿ ಜನ ಎಡವುತ್ತಾರೆ. ಒಬ್ಬರು ಠಾಣೆಗೆ ಹೋಗಿ ಅನ್ನುತ್ತಾರೆ, ಇನ್ನೊಬ್ಬರು ವಕೀಲರ ನೋಟಿಸ್ ಬಿಡಿ ಅನ್ನುತ್ತಾರೆ, ಮತ್ತೊಬ್ಬರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಸಾಕು ಅನ್ನುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯವರಿಗೆ, ಹೊಲದವರಿಗೆ, ಒಬ್ಬರೇ ನಡೆಸುವ ಸಣ್ಣ ಅಂಗಡಿಯವರಿಗೆ ಜಿಲ್ಲಾ ಗ್ರಾಹಕ ಆಯೋಗವೇ ಸರಿ. ಮೈಸೂರಿನ ಹೂಟಗಳ್ಳಿಯಲ್ಲೋ ಮಂಡ್ಯದ ತೂಬಿನಕೆರೆಯಲ್ಲೋ ಫ್ಯಾಕ್ಟರಿ ಇಟ್ಟವರಿಗೆ ಸಿವಿಲ್ ಕೋರ್ಟಿನ ಕಡೆಯ ದಾರಿ. ಮಿಕ್ಕಿದ್ದೆಲ್ಲ ಇವೆರಡಕ್ಕೆ ಹತ್ತುವ ಮೆಟ್ಟಿಲು, ಇಲ್ಲವೇ ನಡುವೆ ಸಿಗುವ ಅಡ್ಡದಾರಿ.

ಮಾತಿಗೆ ಒಂದು ಪ್ರಕರಣ ಇಟ್ಟುಕೊಳ್ಳೋಣ. ಮದ್ದೂರು ಕಡೆಯ ಪರಿಚಯದ ರೈತರೊಬ್ಬರದು. 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟ್ರು, ವಾರಂಟಿ ಇನ್ನೂ ಇತ್ತು. ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗುತ್ತಿತ್ತು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು. ಅಲ್ಲಿಯವರು ಸ್ಟಾರ್ಟರ್ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡು, ಓವರ್‌ಲೋಡ್ ರಿಲೇಯ (ಮೋಟ್ರು ಜಾಸ್ತಿ ಕರೆಂಟು ಎಳೆದರೆ ಕಟ್ ಮಾಡುವ ಭಾಗ) ಗುಂಡಿಯನ್ನು 9 ಆಂಪ್ಸ್‌ನಿಂದ 14ಕ್ಕೆ ತಿರುಗಿಸಿ ಅಂತ ಬರೆದು ಕಳಿಸಿದರು. ಮೋಟ್ರಿನ ನೇಮ್‌ಪ್ಲೇಟಿನಲ್ಲಿದ್ದದ್ದೇ 9 ಆಂಪ್ಸ್ ಚಿಲ್ಲರೆ. ತಿರುಗಿಸಿದ ಮೇಲೆ ಟ್ರಿಪ್ ನಿಂತಿತು. ಕೆಲವೇ ದಿನಕ್ಕೆ ಮೋಟ್ರು ಸುಟ್ಟಿತು. ಪಂಪ್ ಎತ್ತಿಸಬೇಕು, ಕಾಯಿಲ್ ಕಟ್ಟಿಸಬೇಕು. ಅಷ್ಟರಲ್ಲಿ ಹಿಪ್ಪುನೇರಳೆಗೆ ನೀರಿಲ್ಲ, ಮನೆಯೊಳಗೆ ರೇಷ್ಮೆಹುಳು ಸೊಪ್ಪಿಗೆ ಬಾಯಿ ತೆರೆದಿದೆ.

ಕಂಪನಿಯವರು ಬಂದು ನೋಡಿ ಹೇಳಿದ್ದು: ನಿಮ್ಮ ಲೈನಿನಲ್ಲಿ ವೋಲ್ಟೇಜ್ ಇಲ್ಲ, ವಾರಂಟಿ ಬರಲ್ಲ.

ಯಾವ ದಾರಿಗಾದರೂ ಮೊದಲು ಬೇಕಾದದ್ದು

ಎಲ್ಲ ದಾರಿಯಲ್ಲೂ ಕೇಳುವುದು ಎರಡೇ ಪ್ರಶ್ನೆ. ಸಲಹೆ ಕೊಟ್ಟಿದ್ದು ನಿಜವಾ? ಆ ಸಲಹೆಯಿಂದಲೇ ಹಾಳಾಯಿತಾ?

ಮೊದಲನೆಯದಕ್ಕೆ ವಾಟ್ಸಾಪ್ ಮೆಸೇಜು ಬಂಗಾರ. ಬರೀ ಫೋನ್ ಮಾತಾದರೆ, ಮಾತು ಮುಗಿದ ಕೂಡಲೇ ‘ನೀವು ಹೇಳಿದಂತೆ ಹೀಗೆ ಮಾಡುತ್ತಿದ್ದೇನೆ’ ಅಂತ ಒಂದು ಮೆಸೇಜೋ ಇಮೇಲೋ ಹಾಕಿಬಿಡಿ. ಅವರು ಅದಕ್ಕೆ ಇಲ್ಲ ಅನ್ನದಿದ್ದರೆ ಅದೇ ಸಾಕ್ಷಿ. ‘ಗುಣಮಟ್ಟಕ್ಕಾಗಿ ಈ ಕರೆ ರೆಕಾರ್ಡ್ ಆಗುತ್ತಿದೆ’ ಅನ್ನುತ್ತಾರಲ್ಲ, ಆ ರೆಕಾರ್ಡಿಂಗ್ ಅಳಿಸಬೇಡಿ ಅಂತ ಕರೆಯ ದಿನಾಂಕ, ದೂರಿನ ನಂಬರ್ ಹಾಕಿ ಬರೆದು ಕೇಳಿ. ಮೆಸೇಜಿನ ಸ್ಕ್ರೀನ್‌ಶಾಟ್ ಇದ್ದರೂ ಮೂಲ ಫೋನು ಮಾರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಇಂಥ ದಾಖಲೆಗೆ ಒಂದು ಪ್ರಮಾಣಪತ್ರ ಬೇಕು. ಗ್ರಾಹಕ ಆಯೋಗದಲ್ಲಿ ಅಷ್ಟು ಬಿಗಿ ಇರುವುದಿಲ್ಲ, ಸಿವಿಲ್ ಕೋರ್ಟಿನಲ್ಲಿ ಇರುತ್ತದೆ.

ಎರಡನೆಯ ಪ್ರಶ್ನೆಯಲ್ಲೇ ಕೇಸು ಗೆಲ್ಲೋದು, ಸೋಲೋದು. ಮೋಟ್ರಿನ ಪ್ರಕರಣವನ್ನೇ ನೋಡಿ. ವೋಲ್ಟೇಜ್ ಇಳಿದರೆ ಮೋಟ್ರು ಜಾಸ್ತಿ ಆಂಪ್ಸ್ ಎಳೆಯುತ್ತದೆ, ನಿಜ. ಹಾಗೆ ಎಳೆದಾಗ ಕರೆಂಟು ಕಟ್ ಮಾಡಲಿಕ್ಕೆ ಅಂತಲೇ ರಿಲೇ ಇರೋದು. ಟ್ರಿಪ್ ಆಗುತ್ತಿದ್ದದ್ದು ರಿಲೇ ಕೆಟ್ಟಿದ್ದಕ್ಕಲ್ಲ, ಅದು ತನ್ನ ಕೆಲಸ ಮಾಡುತ್ತಿದ್ದದ್ದಕ್ಕೆ. 14ಕ್ಕೆ ತಿರುಗಿಸಿ ಅನ್ನೋದು ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ. ಅಂದರೆ ಕಂಪನಿ ‘ವೋಲ್ಟೇಜ್ ಕಮ್ಮಿ ಇತ್ತು’ ಅಂದಷ್ಟೂ ನಿಮ್ಮ ಕೇಸು ಗಟ್ಟಿಯಾಗುತ್ತದೆ. ವೋಲ್ಟೇಜ್ ಕಮ್ಮಿ ಇರುವ ಕಡೆ ರಿಲೇ ಏರಿಸಿ ಅಂತ ಹೇಳಿದ್ದು ಇನ್ನೂ ದೊಡ್ಡ ತಪ್ಪಲ್ವಾ?

ಎರಡನೇ ನೆಪ ಸಿಂಗಲ್ ಫೇಸಿಂಗ್. ಒಂದು ಫೇಸ್ ಹೋಗಿ ಮೋಟ್ರು ಸುಟ್ಟಿತು, ಅದು ಲೈನಿನ ತಪ್ಪು ಅನ್ನುತ್ತಾರೆ. ಇದಕ್ಕೆ ಉತ್ತರ ಸುಟ್ಟ ಕಾಯಿಲ್‌ನಲ್ಲೇ ಇದೆ. ಸಿಂಗಲ್ ಫೇಸಿಂಗ್ ಆದರೆ ಸಾಮಾನ್ಯವಾಗಿ ಒಂದೋ ಎರಡೋ ಫೇಸಿನ ಕಾಯಿಲ್ ಸುಟ್ಟಿರುತ್ತದೆ, ಮಿಕ್ಕಿದ್ದು ಚೆನ್ನಾಗಿರುತ್ತದೆ. ಓವರ್‌ಲೋಡ್ ಆದರೆ ಮೂರೂ ಒಂದೇ ಸಮ ಕಪ್ಪಾಗಿರುತ್ತದೆ. ಕಾಯಿಲ್ ಕಟ್ಟುವ ಅಂಗಡಿಯವರು ಹಳೇ ತಂತಿ ಕಿತ್ತು ತಾಮ್ರವನ್ನು ತೂಕಕ್ಕೆ ಹಾಕುತ್ತಾರೆ. ಅದಕ್ಕೂ ಮುಂಚೆ ಬಿಚ್ಚಿದ ಮೋಟ್ರಿನ ಫೋಟೋ, ವಿಡಿಯೋ ತೆಗೆಸಿ. ನೇಮ್‌ಪ್ಲೇಟ್, ಸೀರಿಯಲ್ ನಂಬರ್, ರಿಲೇ ಗುಂಡಿ 14ರಲ್ಲಿ ನಿಂತಿರುವುದು ಎಲ್ಲ ಕಾಣಬೇಕು. ಅಂಗಡಿಯವರ ಲೆಟರ್‌ಹೆಡ್‌ನಲ್ಲಿ, ಇಲ್ಲದಿದ್ದರೆ ಬಿಲ್ಲಿನ ಹಿಂದೆಯೇ ಆಗಲಿ, ‘ಮೂರೂ ಫೇಸ್ ಸಮನಾಗಿ ಸುಟ್ಟಿದೆ’ ಅಂತ ಬರೆಸಿ ಸಹಿ ಹಾಕಿಸಿ. ಮೊತ್ತ ದೊಡ್ಡದಾದರೆ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗದವರ ವರದಿ ಇನ್ನೂ ತೂಕ. ಪೈರಿನ ವಿಷಯವಾದರೆ ಹತ್ತಿರದ ರೈತ ಸಂಪರ್ಕ ಕೇಂದ್ರದವರನ್ನೋ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ವಿಜ್ಞಾನಿಗಳನ್ನೋ ಪೈರು ನಿಂತಿರುವಾಗಲೇ ಕರೆಸಿ ತೋರಿಸಬೇಕು. ಉತ್ತು ಹಾಕಿದ ಮೇಲೆ ಯಾರು ಬಂದರೂ ಮಣ್ಣೇ ಕಾಣೋದು.

ಕಂಪನಿಯ ಬಾಗಿಲು, 1915, ನೋಟಿಸ್

ಈ ಮೂರಕ್ಕೂ ಖರ್ಚು ಕಮ್ಮಿ, ಬಲವೂ ಕಮ್ಮಿ. ಆದರೂ ಬಿಡಬೇಡಿ.

ಕಂಪನಿಗೆ ಬರೆಯುವಾಗ ಡೀಲರ್‌ಗೆ ಮಾತ್ರ ಬರೆದು ಸುಮ್ಮನಾಗಬಾರದು. ಪುಣೆಯಲ್ಲೋ ಕೊಯಮತ್ತೂರಿನಲ್ಲೋ ಇರುವ ನೋಂದಾಯಿತ ಕಚೇರಿಗೆ ಬರೆಯಿರಿ. ಏನಾಯಿತು, ಯಾರು ಏನು ಹೇಳಿದರು, ಎಷ್ಟು ನಷ್ಟ, ಎಷ್ಟು ದಿನದೊಳಗೆ ಉತ್ತರ ಬೇಕು, ಇಷ್ಟೇ ಇರಲಿ. ಬೈಗುಳ ಬೇಡ. ಆ ಪತ್ರ ಮುಂದೆ ಆಯೋಗದವರ ಕೈಗೂ ಹೋಗುತ್ತದೆ.

ಇಲ್ಲಿ ಎಡವಿ ಬೀಳುವ ಒಂದು ಜಾಗ ಇದೆ. ಕಂಪನಿಯವರು ‘ಮಾನವೀಯತೆಯಿಂದ’ ಕಾಯಿಲ್ ಕಟ್ಟಿಸಿ ಕೊಡುತ್ತೇವೆ ಅಂತ ಒಂದು ಚೀಟಿಗೆ ಸಹಿ ಕೇಳುತ್ತಾರೆ. ಅದರಲ್ಲಿ ‘ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್’ ಅಂತ ಇದ್ದರೆ ಸೊಪ್ಪಿನ ನಷ್ಟವೂ ಅಲ್ಲಿಗೇ ಮುಗಿಯಿತು ಅಂತ ವಾದ ಬರುತ್ತದೆ. ರಿಪೇರಿ ತಗೊಳ್ಳಿ, ಬೇಡ ಅನ್ನಬೇಡಿ. ಸಹಿ ಪಕ್ಕದಲ್ಲಿ ‘ರಿಪೇರಿಗೆ ಮಾತ್ರ, ಉಳಿದ ನಷ್ಟದ ಹಕ್ಕು ಬಿಟ್ಟಿಲ್ಲ’ ಅಂತ ಕನ್ನಡದಲ್ಲೇ ಬರೆದು ಒಂದು ಫೋಟೋ ತೆಗೆದುಕೊಳ್ಳಿ.

1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನು ದಾಖಲಿಸಿ ಕಂಪನಿಗೆ ಕಳಿಸುತ್ತಾರೆ. ಲ್ಯಾಪ್‌ಟಾಪು, ಮೊಬೈಲು, ಆನ್‌ಲೈನ್ ಅಂಗಡಿಯಂಥ ದೊಡ್ಡ ಹೆಸರಿನ ಕಂಪನಿಗಳು ಇದಕ್ಕೆ ಉತ್ತರ ಕೊಡುವುದುಂಟು. ಹಣ ವಾಪಸ್, ಬದಲಿ ವಸ್ತು ಇಂಥದ್ದಕ್ಕೆ ಒಳ್ಳೆಯದು. ಆದರೆ ‘ನಿಮ್ಮ ಸಲಹೆಯಿಂದ ನನ್ನ ಬೆಳೆ ಹೋಯಿತು’ ಅನ್ನುವಂಥ ನಷ್ಟ ಕೊಡಿಸಲು ಅವರಿಗೆ ಆದೇಶ ಹೊರಡಿಸುವ ಅಧಿಕಾರವೇ ಇಲ್ಲ. ದೂರಿನ ನಂಬರ್ ಒಂದು ದಾಖಲೆಯಾಗಿ ಉಳಿಯುತ್ತದೆ, ಅದೇ ಲಾಭ. ಇವರ ಉತ್ತರಕ್ಕೆ ಕಾಯುತ್ತಾ ಕೂತರೆ ಕೇಸಿನ ಗಡುವು ನಿಮಗಾಗಿ ಕಾಯಲ್ಲ.

ವಕೀಲರ ನೋಟಿಸ್ ಗ್ರಾಹಕ ಆಯೋಗಕ್ಕೆ ಕಡ್ಡಾಯವಲ್ಲ. ಆದರೆ ಕಸ್ಟಮರ್ ಕೇರ್ ಮೇಜಿನಿಂದ ನಿಮ್ಮ ಫೈಲು ಕಂಪನಿಯ ಕಾನೂನು ವಿಭಾಗದ ಮೇಜಿಗೆ ಹೋಗುವುದು ಹೆಚ್ಚಾಗಿ ಇದರಿಂದಲೇ. ನೋಟಿಸ್‌ಗೆ ಅವರು ಕೊಡುವ ಉತ್ತರವೂ ಮುಖ್ಯ. ‘ನಮ್ಮ ಸಿಬ್ಬಂದಿ ಸಾಮಾನ್ಯ ಮಾಹಿತಿ ಕೊಟ್ಟಿದ್ದಾರೆ’ ಅಂತ ಬರೆದರೆ, ಸಲಹೆ ಕೊಟ್ಟಿದ್ದನ್ನು ಅವರೇ ಒಪ್ಪಿಕೊಂಡ ಹಾಗೆ.

ಜಿಲ್ಲಾ ಗ್ರಾಹಕ ಆಯೋಗ

ಮೈಸೂರಿಗೂ ಮಂಡ್ಯಕ್ಕೂ ಬೇರೆ ಬೇರೆ ಆಯೋಗ ಇದೆ. ಹಳೇ ಕಾನೂನಿನಲ್ಲಿ ಕಂಪನಿ ಇರುವ ಕಡೆಗೋ ಘಟನೆ ನಡೆದ ಕಡೆಗೋ ಹೋಗಬೇಕಿತ್ತು. 2020ರ ಜುಲೈನಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಅದನ್ನು ಬದಲಿಸಿತು. ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಮದ್ದೂರಿನ ರೈತ ಮಂಡ್ಯಕ್ಕೆ ಹೋದರೆ ಸಾಕು, ಕಂಪನಿಯವರು ಅಲ್ಲಿಗೆ ಬರಲಿ. ಮನೆಯಿಂದಲೇ ಆಗಬೇಕು ಅಂದರೆ ಇ-ಜಾಗೃತಿ ಅನ್ನುವ ಸರ್ಕಾರಿ ಪೋರ್ಟಲ್ ಇದೆ.

ಶುಲ್ಕದ ಲೆಕ್ಕ ನಿಮ್ಮ ಕಡೆಗೇ ಇದೆ. ನೀವು ಕೇಳುವ ಪರಿಹಾರ ಎಷ್ಟು ಅಂತ ನೋಡಲ್ಲ, ವಸ್ತುವಿಗೋ ಸೇವೆಗೋ ಕೊಟ್ಟ ಹಣ ಎಷ್ಟು ಅಂತ ನೋಡುತ್ತಾರೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ಜಿಲ್ಲಾ ಆಯೋಗದ ಮಿತಿಯೂ 50 ಲಕ್ಷವೇ. ಮೋಟ್ರಿಗೆ 40 ಸಾವಿರ ಕೊಟ್ಟು 3 ಲಕ್ಷ ನಷ್ಟ ಕೇಳಿದರೂ ಶುಲ್ಕ ಸೊನ್ನೆ. ವಕೀಲರಿಲ್ಲದೆ ನೀವೇ ವಾದಿಸಬಹುದು. ಆದರೆ ಇಂಥ ತಾಂತ್ರಿಕ ಪ್ರಕರಣಕ್ಕೆ ವಕೀಲರಿರುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ತಜ್ಞರ ವರದಿಯನ್ನು ಕಂಪನಿ ಪ್ರಶ್ನೆ ಮಾಡಿದಾಗ ಅಲ್ಲೇ ಉತ್ತರ ಕೊಡಬೇಕಾಗುತ್ತದೆ.

ಕಂಪನಿಯ ಕಡೆಯಿಂದ ಎರಡು ತಕರಾರು ಗ್ಯಾರಂಟಿ ಬರುತ್ತದೆ.

ಒಂದು, ‘ಸಲಹೆ ಪುಕ್ಕಟೆ ಕೊಟ್ಟಿದ್ದು, ಅದು ಸೇವೆಯಲ್ಲ.’ ಪುಕ್ಕಟೆ ಸೇವೆ ಕಾಯ್ದೆಯ ಹೊರಗೆ ಅನ್ನೋದು ಸತ್ಯ. ಆದರೆ ವಾರಂಟಿ ಇರುವಾಗ ಸಹಾಯವಾಣಿ ಕೊಡುವ ಸಲಹೆ ಪುಕ್ಕಟೆ ಅಲ್ಲ, ನೀವು ಮೋಟ್ರಿಗೆ ಕೊಟ್ಟ ಬೆಲೆಯಲ್ಲೇ ಅದೂ ಸೇರಿದೆ ಅಂತ ವಾದಿಸಬಹುದು. ವಾರ್ಷಿಕ ನಿರ್ವಹಣೆ ಒಪ್ಪಂದ ಇದ್ದರಂತೂ ಮಾತೇ ಇಲ್ಲ. ವಾರಂಟಿ ಮುಗಿದು ವರ್ಷಗಳಾದ ಮೇಲೆ ದುಡ್ಡು ಕೊಡದೆ ಕೇಳಿದ ಸಲಹೆಯಾದರೆ ಕೇಸು ಬಡಕಲು. ಯೂಟ್ಯೂಬ್ ನೋಡಿ ಮಾಡಿದ್ದಾದರೆ ಆಸೆ ಬಿಡಿ.

ಎರಡು, ‘ಇವರು ಗ್ರಾಹಕರಲ್ಲ, ವ್ಯಾಪಾರಕ್ಕೆ ತಗೊಂಡಿದ್ದು.’ ಕಾಯ್ದೆಯಲ್ಲೇ ಇದಕ್ಕೆ ವಿನಾಯಿತಿ ಇದೆ. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ತಗೊಂಡ ವಸ್ತು ವ್ಯಾಪಾರದ ಲೆಕ್ಕಕ್ಕೆ ಬರಲ್ಲ. ಬಿತ್ತನೆ ಬೀಜದ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್, ಬೀಜ ಕೊಂಡ ರೈತರೂ ಗ್ರಾಹಕರೇ ಅಂತ ಹೇಳಿದೆ. ಮೈಸೂರಿನ ಅಗ್ರಹಾರದಲ್ಲಿ ಒಬ್ಬರೇ ಸ್ಟುಡಿಯೋ ನಡೆಸುವವರಿಗೂ ಇದೇ ವಾದ ನಿಲ್ಲುತ್ತದೆ. ದೂರಿನಲ್ಲಿ ‘ಜೀವನೋಪಾಯಕ್ಕಾಗಿ, ಸ್ವಂತ ದುಡಿಮೆ’ ಅನ್ನುವ ಮಾತು ಸ್ಪಷ್ಟವಾಗಿ ಬರೆದಿರಬೇಕು, ಮರೆಯಬೇಡಿ.

ಉತ್ಪನ್ನ ಹೊಣೆಗಾರಿಕೆ ಅಂತ ಹೊಸ ಕಾಯ್ದೆಯಲ್ಲಿ ಒಂದು ಅಧ್ಯಾಯವೇ ಇದೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಅದರಲ್ಲಿ ಉತ್ಪನ್ನಕ್ಕೇ ಆದ ಹಾನಿಯೂ ಸೇರಲ್ಲ, ವ್ಯಾಪಾರದ ನಷ್ಟವೂ ಸೇರಲ್ಲ. ತಪ್ಪು ಸಲಹೆಯಿಂದ ಬೆಂಕಿ ಹತ್ತಿ ಮನೆ ಸುಟ್ಟರೆ, ಯಾರಿಗಾದರೂ ಗಾಯವಾದರೆ ಅದನ್ನು ಹಿಡಿಯಿರಿ. ಮೋಟ್ರು, ಬೆಳೆ, ಡೇಟಾ ಇಂಥದ್ದಕ್ಕೆ ‘ಸೇವಾ ನ್ಯೂನತೆ’ ಅನ್ನುವ ಹಳೇ ದಾರಿಯೇ ಗಟ್ಟಿ. ನಿರ್ಲಕ್ಷ್ಯವೂ ಅದರೊಳಗೇ ಬರುತ್ತದೆ, ಬೇಕಂತಲೇ ಮಾಹಿತಿ ಮುಚ್ಚಿಟ್ಟದ್ದೂ ಬರುತ್ತದೆ.

ಎಷ್ಟು ಕೇಳಬೇಕು? ರಸೀದಿ ಇರುವಷ್ಟು ಧೈರ್ಯವಾಗಿ ಕೇಳಿ. ಕಾಯಿಲ್ ಬಿಲ್, ಪಂಪ್ ಎತ್ತಿಸಿ ಇಳಿಸಿದ ಕೂಲಿ, ಪಕ್ಕದವರಿಂದ ಸೊಪ್ಪು ಕೊಂಡ ಚೀಟಿ. ಈ ಸೊಪ್ಪಿನ ಚೀಟಿ ಸಣ್ಣದು ಅನ್ನಿಸಬಹುದು. ಆದರೆ ನಷ್ಟ ಕಮ್ಮಿ ಮಾಡಲು ನೀವೂ ಪ್ರಯತ್ನಪಟ್ಟಿರಿ ಅಂತ ತೋರಿಸೋದು ಅದೇ. ಕೈಕಟ್ಟಿ ಕೂತು ಹುಳುವೆಲ್ಲ ಸತ್ತವು ಅಂದರೆ ಪರಿಹಾರ ಇಳಿಯುತ್ತದೆ. ಬೆಳೆ ನಷ್ಟಕ್ಕೆ ಪಹಣಿ, ಚಾಕಿ ಮರಿ (ಎಳೆ ರೇಷ್ಮೆಹುಳು) ತಂದ ಬಿಲ್, ಹಿಂದಿನ ಬೆಳೆಯ ಗೂಡನ್ನು ರಾಮನಗರದ ಮಾರುಕಟ್ಟೆಯಲ್ಲಿ ಮಾರಿದ ರಸೀದಿ ಇಡಿ. ಕಬ್ಬಾದರೆ ಕಾರ್ಖಾನೆಯ ತೂಕದ ಚೀಟಿ. ಮಾನಸಿಕ ಹಿಂಸೆಗೆ, ಕೋರ್ಟ್ ಖರ್ಚಿಗೆ ಬೇರೆ ಕೇಳಬಹುದು. ಅದಕ್ಕೆ 10 ಲಕ್ಷ ಅಂತ ಹಾಕಿದರೆ ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ.

ಕಾಲದ ವಿಷಯ. ನಷ್ಟವಾದ ದಿನದಿಂದ 2 ವರ್ಷದೊಳಗೆ ದೂರು ಹಾಕಬೇಕು. ಕಂಪನಿ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನು 15. ಅದರ ಮೇಲೆ ಒಂದು ದಿನವೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಕಂಪನಿಗೆ ನೋಟಿಸ್ ತಲುಪಿದ 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳುತ್ತದೆ ಅಂತ ಮಾತ್ರ ನಾನೂ ಹೇಳುತ್ತಿದ್ದೇನೆ. ವಾಯಿದೆ ಮೇಲೆ ವಾಯಿದೆ ಬೀಳೋದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ.

ಸಾಫ್ಟ್‌ವೇರ್ ಕಂಪನಿಗಳ ಜೊತೆ ಇನ್ನೊಂದು ತೊಡಕು. ‘ಐ ಅಗ್ರೀ’ ಒತ್ತಿದ ಷರತ್ತಿನಲ್ಲಿ ಮಧ್ಯಸ್ಥಿಕೆಗೇ (ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಮಾನಿಸುವ ಆರ್ಬಿಟ್ರೇಷನ್) ಹೋಗಬೇಕು, ನೀವು ಕೊಟ್ಟ ಹಣಕ್ಕಿಂತ ಜಾಸ್ತಿ ಕೊಡಲ್ಲ ಅಂತೆಲ್ಲ ಇರುತ್ತದೆ. ಮಧ್ಯಸ್ಥಿಕೆ ಷರತ್ತು ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚಲ್ಲ, ಇದು 2018ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿದೆ. ಮೊತ್ತದ ಮಿತಿಯ ಷರತ್ತು ಮಾತ್ರ ನಿಜವಾದ ತಲೆನೋವು. ಅದು ಅನ್ಯಾಯದ ಕರಾರು ಅಂತ ಪ್ರಶ್ನಿಸಬೇಕಾದರೆ ಜಿಲ್ಲಾ ಆಯೋಗಕ್ಕೆ ಆ ಅಧಿಕಾರವಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು.

ಸಿವಿಲ್ ಕೋರ್ಟ್ ಯಾರಿಗೆ

ಕೆಲಸಗಾರರನ್ನಿಟ್ಟು ಲಾಭಕ್ಕೆ ನಡೆಸುವ ಫ್ಯಾಕ್ಟರಿಯ ಮೆಷಿನ್ನು ಕಂಪನಿ ಎಂಜಿನಿಯರ್‌ನ ಮಾತು ಕೇಳಿ ಹಾಳಾದರೆ ಗ್ರಾಹಕ ಆಯೋಗದಲ್ಲಿ ನಿಲ್ಲುವುದು ಕಷ್ಟ. ಅವರಿಗೆ ಸಿವಿಲ್ ದಾವೆ. ವಿವಾದ ವಾಣಿಜ್ಯ ಸ್ವರೂಪದ್ದಾಗಿದ್ದು ಮೊತ್ತ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವಾಣಿಜ್ಯ ನ್ಯಾಯಾಲಯ. ಅಲ್ಲಿ ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ದಾವೆ ಹಾಕುವ ಮುಂಚೆ ಸಂಧಾನ ಕಡ್ಡಾಯ. ಇದನ್ನು ಬಿಟ್ಟು ಹಾಕಿದ ದಾವೆ ಬಾಗಿಲಲ್ಲೇ ವಜಾ ಆಗುತ್ತದೆ.

ಗಡುವು 3 ವರ್ಷ. ಕೋರ್ಟ್ ಶುಲ್ಕ ಕೇಳಿದ ಮೊತ್ತದ ಮೇಲೆ ಏರುತ್ತದೆ, ಹಾಗಾಗಿ ಬಾಯಿಗೆ ಬಂದಷ್ಟು ಕೇಳುವ ಹಾಗಿಲ್ಲ. ಇದಕ್ಕೆ ಬದಲಾಗಿ ಸಾಕ್ಷಿಗಳ ಪಾಟೀ ಸವಾಲು, ತಜ್ಞರ ವಿಚಾರಣೆ ಎಲ್ಲ ಪೂರ್ತಿ ನಡೆಯುತ್ತದೆ. ಗ್ರಾಹಕ ಆಯೋಗದ ಗಡುವು ತಪ್ಪಿಸಿಕೊಂಡ ಮನೆಯವರಿಗೂ ಮೂರನೇ ವರ್ಷದಲ್ಲಿ ಉಳಿಯುವ ಬಾಗಿಲು ಇದೇ.

ರಾಜಿ, ಲೋಕ ಅದಾಲತ್, ಠಾಣೆ

ತಪ್ಪು ಯಾರದು ಅನ್ನುವುದರಲ್ಲಿ ಜಗಳವಿಲ್ಲ, ಎಷ್ಟು ಅನ್ನುವುದರಲ್ಲಿ ಮಾತ್ರ ಎಳೆದಾಟ ಇದ್ದರೆ ಲೋಕ ಅದಾಲತ್ ಬೇಗ ಮುಗಿಸುತ್ತದೆ. ಅಲ್ಲಿನ ಅವಾರ್ಡಿಗೆ ಸಿವಿಲ್ ಡಿಕ್ರಿಯಷ್ಟೇ (ಸಿವಿಲ್ ಕೋರ್ಟಿನ ತೀರ್ಪಿನಷ್ಟೇ) ಬೆಲೆ, ಅದರ ಮೇಲೆ ಮೇಲ್ಮನವಿ ಇಲ್ಲ. ಬಾಕಿ ಕೇಸು ಅಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್. ಗ್ರಾಹಕ ಆಯೋಗದಲ್ಲೂ ಸಂಧಾನಕ್ಕೆ ಅವಕಾಶ ಇದೆ. ಆದರೆ ಕಂಪನಿ ‘ನಮ್ಮ ತಪ್ಪೇ ಇಲ್ಲ’ ಅಂತ ಕೂತಿದ್ದರೆ ರಾಜಿಯಲ್ಲಿ ಸಿಗೋದು ಟೀ ಮಾತ್ರ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಕಮ್ಮಿ ಇರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಅದರ ಸಹಾಯವಾಣಿ 15100.

ಪೊಲೀಸ್ ಠಾಣೆ ಈ ಕೆಲಸಕ್ಕಲ್ಲ. ತಪ್ಪು ಸಲಹೆ ನಿರ್ಲಕ್ಷ್ಯ ಆಗಬಹುದು, ವಂಚನೆ ಆಗಬೇಕಾದರೆ ಮೊದಲಿನಿಂದಲೇ ಮೋಸದ ಉದ್ದೇಶ ಇರಬೇಕು. ಒಂದೇ ಒಂದು ಸಂದರ್ಭ ಬೇರೆ: ಗೂಗಲ್‌ನಲ್ಲಿ ಸಿಕ್ಕಿದ ‘ಕಸ್ಟಮರ್ ಕೇರ್’ ನಂಬರೇ ನಕಲಿಯಾಗಿದ್ದು, ಅವರು ಹೇಳಿದ ಆ್ಯಪ್ ಹಾಕಿಕೊಂಡು ಖಾತೆ ಖಾಲಿಯಾಗಿದ್ದರೆ. ಆಗ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಸಲಿ ಕಂಪನಿಯ ಮೇಲೆ ಪರಿಹಾರದ ಕೇಸು ಅಲ್ಲಿ ನಿಲ್ಲುವುದು ಕಷ್ಟ, ಸಲಹೆ ಕೊಟ್ಟವರು ಅವರೇ ಅಲ್ಲವಲ್ಲ. ಅದಕ್ಕೇ ಯಾವ ಸಲಹೆ ಪಾಲಿಸುವ ಮುಂಚೆಯೂ ನಂಬರನ್ನು ವಾರಂಟಿ ಕಾರ್ಡಿನ ಮೇಲೆ ನೋಡಿಕೊಳ್ಳಿ.

ಆದೇಶ ಬಂದ ಮೇಲೆ

ಜಿಲ್ಲಾ ಆಯೋಗದ ಆದೇಶದ ಮೇಲೆ 45 ದಿನದಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಕಂಪನಿ ಹೋಗಬೇಕಾದರೆ ಆದೇಶವಾದ ಮೊತ್ತದ ಅರ್ಧ ಠೇವಣಿ ಇಡಬೇಕು. ಸಣ್ಣ ಮೊತ್ತಕ್ಕೆ ಠೇವಣಿ, ಬೆಂಗಳೂರಿನ ವಕೀಲರು, ಓಡಾಟ ಅಂತ ಲೆಕ್ಕ ಹಾಕಿದಾಗ ಕಟ್ಟಿಬಿಡುವುದೇ ಅಗ್ಗ. ಸಿವಿಲ್ ಕೋರ್ಟಿಗಿಂತ ಆಯೋಗ ವಾಸಿ ಅಂತ ನಾನು ಹೇಳೋದಕ್ಕೆ ಇದೂ ಒಂದು ಕಾರಣ.

ಆದೇಶದ ಪ್ರತಿ ಪುಕ್ಕಟೆ ಸಿಗುತ್ತದೆ. ಅದು ಕೈಗೆ ಬಂದ ದಿನವೇ ಒಂದು ನಕಲಿನ ಜೊತೆ ನಿಮ್ಮ ಬ್ಯಾಂಕ್ ಖಾತೆಯ ವಿವರ ಬರೆದು ಕಂಪನಿಗೆ ಸ್ಪೀಡ್ ಪೋಸ್ಟ್ ಮಾಡಿ, ‘ಖಾತೆ ನಂಬರ್ ಕೊಟ್ಟಿರಲಿಲ್ಲ’ ಅನ್ನುವ ನೆಪ ಉಳಿಯಬಾರದು. ಆದೇಶದಲ್ಲಿ ಹೇಳಿದ ದಿನ ಕಳೆದರೂ ಹಣ ಬರದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 71ರಲ್ಲಿ ಸಿವಿಲ್ ಡಿಕ್ರಿಯಂತೆ ಜಪ್ತಿ ಮಾಡಿಸಬಹುದು. ಸೆಕ್ಷನ್ 72ರಲ್ಲಿ ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಎರಡೂ ಸೆಕ್ಷನ್ ಅಡಿಯಲ್ಲಿ ಬೇರೆ ಬೇರೆ ಅರ್ಜಿ ಹಾಕಬೇಕು.